ಕೈಗವಸು ಹೊಲಿಯುತ್ತಿದ್ದವಳು

‘1848, ಸೆನೆಕಾ ಫಾಲ್ಸ್, ಮಹಿಳಾ ಸಮಾವೇಶ’ ಎಂದು ಬೋರ್ಡಿನ ಮೇಲೆ ಬರೆದು, ಎಲಿಜಬೆತ್ ಕೇಡಿ ಸ್ಟಾಂಟನ್, ಲುಕ್ರೀಷಿಯಾ ಮಾಟ್ ಎಂಬ ಎರಡು ಹೆಸರು ಹೇಳಿ ಮುಂದಕ್ಕೆ ಹೋಗುವುದು ನನ್ನ ರೂಢಿಯಾಗಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಟೀಚರ್, ಕೂಲಿ ಮಾಡೋರು ಯಾರೂ ಬಂದಿರಲಿಲ್ವಾ?” ಎಂದಳು. ಅವಳ ತಾಯಿ ಮನೆಯಲ್ಲೇ ಬೀಡಿ ಕಟ್ಟುವವಳು.

ನ್ಯೂಯಾರ್ಕ್ ರಾಜ್ಯದ ಆ ಪುಟ್ಟ ಊರಿನ ಕಥೆಯನ್ನು ನಾವೆಲ್ಲ ಬಹುಮಟ್ಟಿಗೆ ಕಲಿತದ್ದು ಸ್ಟಾಂಟನ್, ಸೂಸನ್ ಆಂಟನಿ, ಮಟಿಲ್ಡಾ ಗೇಜ್ ಸಂಪಾದಿಸಿದ ಮತಾಧಿಕಾರದ ಇತಿಹಾಸದಿಂದ. ಮೊದಲ ಸಂಪುಟ ಬಂದದ್ದು 1881ರಲ್ಲಿ, ಸಭೆ ನಡೆದು 33 ವರ್ಷಗಳಾದ ಮೇಲೆ. ಚೆದುರಿಹೋಗುತ್ತಿದ್ದ ಕಾಗದಪತ್ರಗಳನ್ನು ಕೂಡಿಹಾಕಿದ ಆ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಮೂವರಲ್ಲಿ ಸಭೆಯಲ್ಲಿದ್ದವಳು ಸ್ಟಾಂಟನ್ ಒಬ್ಬಳೇ. 1869ರಲ್ಲಿ ಚಳವಳಿ ಎರಡು ಬಣವಾಗಿತ್ತು. ಎದುರು ಬಣದ ಲೂಸಿ ಸ್ಟೋನ್ ಈ ಗ್ರಂಥಕ್ಕೆ ತನ್ನ ಜೀವನದ ವಿವರ ಕೊಡಲು ಒಪ್ಪಲಿಲ್ಲ. ಮನೆ ಪಾಲಾದ ಮೇಲೆ ಅಣ್ಣನೊಬ್ಬನೇ ಕೂತು ಬರೆದ ವಂಶಾವಳಿಯಂತೆ ಇದನ್ನು ಓದಬೇಕೇನೋ.

ಸಭೆಯ ಸಂಗತಿಗಳಾದರೂ ಎಂಥವು! ಜುಲೈ 19 ಮತ್ತು 20ರಂದು ವೆಸ್ಲಿಯನ್ ಪ್ರಾರ್ಥನಾಮಂದಿರದಲ್ಲಿ ಸುಮಾರು 300 ಜನ ಸೇರಿದ್ದರು. ಹೆಂಗಸರ ಸಭೆಗೆ ಅಧ್ಯಕ್ಷನಾಗಿ ಕೂತವನು ಗಂಡಸು, ಲುಕ್ರೀಷಿಯಾಳ ಪತಿ ಜೇಮ್ಸ್ ಮಾಟ್. ಎರಡು ವಾರದ ನಂತರ ರಾಚೆಸ್ಟರ್‌ನಲ್ಲಿ ಅಬಿಗೇಲ್ ಬುಷ್ ಆ ಕುರ್ಚಿಯಲ್ಲಿ ಕೂರಹೊರಟಾಗ ಅದನ್ನು ವಿರೋಧಿಸಿದವರಲ್ಲಿ ಸ್ಟಾಂಟನ್ನಳೂ ಒಬ್ಬಳು. ಇಂಥ ಅಳುಕುಗಳೇ ನನಗೆ ಆ ಹೆಂಗಸರನ್ನು ಹತ್ತಿರದವರನ್ನಾಗಿ ಮಾಡುತ್ತವೆ. ನಮ್ಮ ಪಠ್ಯಪುಸ್ತಕಗಳು ಅವರನ್ನು ವಿಗ್ರಹ ಮಾಡಿ ನಿಲ್ಲಿಸುತ್ತವೆ. ಮತದಾನದ ಹಕ್ಕಿನ ನಿರ್ಣಯವೊಂದೇ ಅಲ್ಲಿ ಸರ್ವಾನುಮತ ಪಡೆಯಲಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಾಸ್ ಅದರ ಪರವಾಗಿ ಮಾತಾಡಿದ. ಕಪ್ಪು ಹೆಂಗಸರು ಬಂದಿದ್ದರೆಂಬುದಕ್ಕೆ ಮಾತ್ರ ದಾಖಲೆಯಿಲ್ಲ.

ಘೋಷಣೆಗೆ ಸಹಿ ಹಾಕಿದವರು 68 ಹೆಂಗಸರು, 32 ಗಂಡಸರು. ಅವರಲ್ಲೊಬ್ಬಳು ಷಾರ್ಲೆಟ್ ವುಡ್‌ವರ್ಡ್, 18ರ ಹುಡುಗಿ, ಮನೆಯಲ್ಲಿ ಕೂತು ಕೂಲಿಗೆ ಕೈಗವಸು ಹೊಲಿಯುತ್ತಿದ್ದವಳು. ಗೆಳತಿಯರೊಡನೆ ಗಾಡಿಯಲ್ಲಿ ಬಂದಿದ್ದಳು. ಎರಡು ಹೆಸರಿಗೆ ನಿಲ್ಲಿಸುತ್ತಿದ್ದ ನಾನು ಇಷ್ಟು ವರ್ಷ ಇವಳನ್ನು ತರಗತಿಯೊಳಕ್ಕೆ ಬಿಟ್ಟುಕೊಂಡಿರಲಿಲ್ಲ.

ಮಾರನೆಯ ದಿನ ಹುಡುಗಿಗೆ ಇದನ್ನು ಹೇಳಿದೆ. “ಆಮೇಲೆ ಅವಳು ಓಟು ಹಾಕಿದ್ಲಾ ಟೀಚರ್?” ಎಂದಳು.

ದೇಶದ ಹೆಂಗಸರಿಗೆ ಆ ಹಕ್ಕು ಬಂದದ್ದು 1920ರಲ್ಲಿ. ಸಹಿ ಹಾಕಿದ ಹೆಂಗಸರಲ್ಲಿ ಆಗ ಉಳಿದಿದ್ದವಳು ಷಾರ್ಲೆಟ್ ಒಬ್ಬಳೇ. ವಯಸ್ಸು 90. ಮೈಗೆ ಹುಷಾರಿಲ್ಲದೆ ಮತಗಟ್ಟೆಗೆ ಹೋಗಲಾಗಲಿಲ್ಲ.