ಕಲಿತವರ ಮೇಲಿನ ಋಣ

ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುವ ಹೊತ್ತಿಗೆ ದೊಡ್ಡವರಿಗೆಂದೇ ನಡೆಯುವ ಬಯಲು ಶಿಬಿರಗಳ ಕರೆಗಳು ಈಗೀಗ ನಮ್ಮ ಫೋನುಗಳಿಗೆ ಬರತೊಡಗಿವೆ. ಬೆಳಿಗ್ಗೆ ಹೊಲದಲ್ಲಿ ನಡಿಗೆ, ಗಿಡಗಂಟಿಗಳ ಪರಿಚಯ, ಮಧ್ಯಾಹ್ನ ಮರದ ಕೆಳಗೆ ರೊಟ್ಟಿ ಊಟ, ಆಮೇಲೆ ಮಣ್ಣಿನ ಕೆಲಸವೋ ಕಸೂತಿಯೋ ನೇಯ್ಗೆಯೋ. ಸಂಜೆ, ಮಾಡಿದ್ದನ್ನು ಕೈಯಲ್ಲಿ ಹಿಡಿದು ಒಂದು ಫೋಟೊ. ಇದನ್ನು ಗೇಲಿ ಮಾಡುವುದು ಸುಲಭ. ವಾರವಿಡೀ ಪರದೆ ನೋಡಿ ದಣಿದವರು ಒಂದು ದಿನ ಮಣ್ಣು ಮುಟ್ಟಿದರೆ ಯಾರಿಗೇನು ನಷ್ಟ? ಆದರೆ ಕವಿತೆಯಂತೆ, ನಾಟಕದಂತೆ ಶಿಬಿರವೂ ಒಂದು ರೂಪ. ಅದು ನಿಸರ್ಗದ ಬಗ್ಗೆ, ಕಸುಬಿನ ಬಗ್ಗೆ, ಕಲಿಯುವವರ ಬಗ್ಗೆ ಏನನ್ನೋ ಹೇಳುತ್ತಿರುತ್ತದೆ. ಅದು ಏನು ಹೇಳುತ್ತಿದೆ ಎಂದು ಕೇಳುವುದು ವಿಮರ್ಶೆಯ ಕೆಲಸವೇ.

ಈ ಪ್ರಶ್ನೆಗೆ ನನಗೆ ನೆರವಾದ ಕೃತಿ ರವೀಂದ್ರನಾಥ ಠಾಕೂರರ 'ಶಾರದೋತ್ಸವ'. 1908ರಲ್ಲಿ ಶಾಂತಿನಿಕೇತನದ ಹುಡುಗರು ಆಡಲೆಂದು ಬರೆದ ನಾಟಕ ಇದು. ಶರದೃತುವಿನ ರಜೆ, ಹುಡುಗರು ನದಿಯ ದಂಡೆಯಲ್ಲಿ ಕುಣಿಯುತ್ತಿದ್ದಾರೆ. ಅವರ ನಡುವೆ ಉಪನಂದ ಎಂಬ ಹುಡುಗ ಮಾತ್ರ ಆಟಕ್ಕೆ ಬಾರದೆ ಕೂತು ಹಸ್ತಪ್ರತಿ ನಕಲು ಮಾಡುತ್ತಿದ್ದಾನೆ. ಅಂದವಾಗಿ ಪ್ರತಿ ಎತ್ತುವ ಈ ಕಸುಬನ್ನು ಕಲಿಸಿದವನು ಅವನ ಗುರು, ವೀಣೆಯ ಸುರಸೇನ. ಗುರು ಸಾಲ ಉಳಿಸಿ ತೀರಿಕೊಂಡಿದ್ದಾನೆ. ಜಿಪುಣ ಲಕ್ಷೇಶ್ವರನಿಗೆ ಸಲ್ಲಬೇಕಾದ ಆ ಸಾಲವನ್ನು ಶಿಷ್ಯ ತನ್ನ ಅಕ್ಷರಗಳಿಂದ ತೀರಿಸಲು ಹೊರಟಿದ್ದಾನೆ. ಸನ್ಯಾಸಿಯ ವೇಷದಲ್ಲಿರುವ ಚಕ್ರವರ್ತಿ ವಿಜಯಾದಿತ್ಯ ಇದನ್ನು ನೋಡಿ, ಆ ದಂಡೆಯ ಮೇಲೆ ನಿಜವಾದ ರಜೆ ಆಚರಿಸುತ್ತಿರುವವನು ಇವನೇ ಎಂದು ಗುರುತಿಸುತ್ತಾನೆ. ತಾನೂ ಬರೆಯಲು ಕೂರುತ್ತಾನೆ. ಠಾಕೂರರು ಮುಂದೆ ಇದೇ ನಾಟಕವನ್ನು ತಿದ್ದಿ ಬರೆದಾಗ ಅದಕ್ಕೆ ಇಟ್ಟ ಹೆಸರು 'ಋಣಶೋಧ'.

ಬಯಲು, ಶರತ್ಕಾಲ, ಕೈಕಸುಬು ಮೂರೂ ಇಲ್ಲಿವೆ. ನಮ್ಮ ಶಿಬಿರದಲ್ಲಿ ಇಲ್ಲದ ನಾಲ್ಕನೆಯದೊಂದು ಕೂಡ ಇದೆ: ಋಣ. ಸಾಲ ಬೇರೆ, ಋಣ ಬೇರೆ. ಸಾಲ ಲಕ್ಷೇಶ್ವರನ ಲೆಕ್ಕದ ಪುಸ್ತಕದಲ್ಲಿರುತ್ತದೆ, ಕೊಟ್ಟರೆ ತೀರುತ್ತದೆ. ಋಣ ಉಪನಂದನ ಕೈಯಲ್ಲಿದೆ. ಬರೆದಷ್ಟೂ ಅದು ಗುರುವನ್ನು ನೆನೆಯುತ್ತದೆ. ಶಿಬಿರದ ಶುಲ್ಕ ಕಟ್ಟಿದವನಿಗೆ ಸಂಜೆ ಆರಕ್ಕೆ ಯಾರಿಗೂ ಏನೂ ಕೊಡುವುದು ಉಳಿದಿರುವುದಿಲ್ಲ. ಅದೇ ಅದರ ಸುಖ, ಅದೇ ಅದರ ಮಿತಿ.

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಇದೇ ಋತುವಿಗೆ ಹಳೆಯ ಬಯಲು ಪಾಠವೊಂದಿದೆ. ಅದನ್ನು ಯಾರೂ ಪಾಠವೆಂದು ಕರೆಯುವುದಿಲ್ಲ. ಅದು ಆಶ್ವಯುಜದ ಸೀಗಿ ಹುಣ್ಣಿಮೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಹೊಲಗಳಲ್ಲಿ ಆ ಹೊತ್ತಿಗೆ ಮುಂಗಾರಿಯ ಹೆಸರು ಮನೆ ಸೇರಿರುತ್ತದೆ. ಹತ್ತಿ, ಮೆಣಸಿನಕಾಯಿ ಹೊಲದಲ್ಲಿರುತ್ತವೆ. ಹಿಂಗಾರಿಯ ಕಡಲೆ, ಬಿಳಿಜೋಳ, ಕುಸುಬಿಯ ಬಿತ್ತಿಗೆಯ ಮಾತು ನಡೆದಿರುತ್ತದೆ. ಕಲಘಟಗಿಯ ಕಡೆ ಮಲೆನಾಡ ಸೆರಗು ಶುರುವಾಗುವುದರಿಂದ ಅಲ್ಲಿ ಭತ್ತದ ಗದ್ದೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲು ಹೂಡಿ ಪಾಂಡವರೆಂದು ಪೂಜಿಸುತ್ತಾರೆ. ತೆನೆ ತುಂಬುವ ಭೂಮಿ ಬಸುರಿ. ಅವಳ ಬಯಕೆಯ ಊಟ ಇದು. ಒಬ್ಬರು ಕೂಗುತ್ತ, ಹಿಂದಿನವರು ಓಗೊಡುತ್ತ, ಬದುವಿನ ಸುತ್ತ ನಡೆದು ಚರಗ ಚೆಲ್ಲುತ್ತಾರೆ. ಆಮೇಲೆಯೇ ತಮ್ಮ ಊಟ.

ಇದನ್ನು ಒಂದು ಕೃತಿಯಂತೆ ಓದಿ ನೋಡಿ. ಚರಗ ಚೆಲ್ಲಲು ಹೊಲವನ್ನು ಪೂರ್ತಿ ಸುತ್ತಬೇಕು. ಸುತ್ತುವಾಗ ಎಲ್ಲಿ ನೀರು ನಿಂತಿದೆ, ಎಲ್ಲಿ ಹುಳ ಬಿದ್ದಿದೆ, ಯಾವ ಬದು ಒಡೆದಿದೆ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಬೆಣ್ಣಿಹಳ್ಳ ಉಕ್ಕಿದ ವರ್ಷವಾದರೆ ಕಣ್ಣಿಗೆ ಬೀಳುವುದು ಬೇರೆಯೇ. ಪೂಜೆಯ ಒಳಗೇ ತಪಾಸಣೆ ಅಡಗಿದೆ. ಉಣ್ಣುವ ಮೊದಲು ಚೆಲ್ಲಬೇಕು ಎಂಬ ಕ್ರಮದಲ್ಲಿ ಋಣದ ವ್ಯಾಕರಣವಿದೆ. ಹೊಸ ಶಿಬಿರದ ನಿಸರ್ಗ ನಡಿಗೆ ಕೇಳುವ ಪ್ರಶ್ನೆ 'ಈ ಗಿಡದ ಹೆಸರೇನು?' ಚರಗದ ನಡಿಗೆ ಕೇಳುವುದು 'ಇವಳಿಗೆ ಏನು ಬೇಕು?'

ಹೀಗೆಂದು ಹಳೆಯದನ್ನು ಹಾಡಿ ಹೊಗಳಿ ಕೂರುವಂತಿಲ್ಲ. ಸೀಗಿ ಹುಣ್ಣಿಮೆ ಹೊಲವಿದ್ದವರ ಹಬ್ಬ. ಕೂಲಿಯವರನ್ನು ಊಟಕ್ಕೆ ಕರೆಯುವ ಮನೆಗಳಿವೆ, ನಿಜ. ಆದರೆ ವರ್ಷವಿಡೀ ಆ ಮಣ್ಣಿನಲ್ಲಿ ಕಳೆ ತೆಗೆದವಳಿಗೆ ಚರಗ ಚೆಲ್ಲಲು ಸ್ವಂತ ಬದುವಿಲ್ಲ. ಇನ್ನೊಂದು ಕಡೆ, ಹೊಲವನ್ನು ಲಾವಣಿಗೆ ಕೊಟ್ಟು ಹುಬ್ಬಳ್ಳಿಯಲ್ಲಿ ನೆಲೆಸಿದವರು ವರ್ಷಕ್ಕೊಮ್ಮೆ ಕಾರಿನಲ್ಲಿ ಬಂದು ಎಣ್ಣಿಗಾಯಿ ಉಂಡು ಹೋದರೆ, ಆ ಹಬ್ಬಕ್ಕೂ ಶಿಬಿರಕ್ಕೂ ಎಷ್ಟು ಅಂತರ ಉಳಿಯಿತು? ಋಣ ಎಂಬ ಮಾತನ್ನೂ ಈ ನೆಲದಲ್ಲಿ ಎಚ್ಚರದಿಂದ ಆಡಬೇಕು. 1980ರ ಜುಲೈ 21ರಂದು ನವಲಗುಂದದಲ್ಲಿ ಗೋಲಿಬಾರು ನಡೆದದ್ದು, ಮಲಪ್ರಭೆಯ ನೀರಿನ ಹೆಸರಲ್ಲಿ ಹೇರಿದ ಬೆಟರ್‌ಮೆಂಟ್ ಲೆವಿಯ ವಿರುದ್ಧ ರೈತರು ಎದ್ದಾಗ. ತಮ್ಮದಲ್ಲದ ಸಾಲವನ್ನು ಋಣವೆಂದು ಒಪ್ಪಿಕೊಳ್ಳಲು ಅವರು ಸಿದ್ಧರಿರಲಿಲ್ಲ. ಉಪನಂದನ ನಾಟಕದಲ್ಲೂ ಲಕ್ಷೇಶ್ವರ ಇದ್ದೇ ಇದ್ದಾನೆ.

ಕಸುಬಿನ ಮಾತಿಗೆ ಬಂದರೆ ತೊಡಕು ಇನ್ನೂ ಹೆಚ್ಚು. ನವಲಗುಂದದ ಜಮಖಾನೆಯನ್ನು ನೇಯುವವರು ಹೆಂಗಸರು. ಅದು ಎದ್ದು ನಿಂತ ಮಗ್ಗ. ಹಾಸಿನ ದಾರಗಳು ನೆಲದಿಂದ ಮೇಲಕ್ಕೆ ಬಿಗಿದಿರುತ್ತವೆ. ಬಣ್ಣದ ಹತ್ತಿ ನೂಲನ್ನು ಕೈಯಿಂದ ತೂರಿಸಿ, ಪಂಜಾ ಹಿಡಿದು ಬಡಿದು ಕೂರಿಸಬೇಕು. ನವಿಲು, ಪಗಡೆಯ ಹಾಸು, ಚೌಕ ತ್ರಿಕೋನಗಳು ದಾರ ಎಣಿಸಿಯೇ ಮೂಡಬೇಕು. ಇದು ಮನೆಯೊಳಗಿನ ಕಸುಬು. ಅಡಿಗೆ, ಮಕ್ಕಳು, ನೀರು ತರುವುದರ ನಡುವೆ ಸಿಕ್ಕ ಹೊತ್ತಿನಲ್ಲಿ ನಡೆದದ್ದು. ಅದನ್ನು ಹುಲ್ಲುಹಾಸಿನ ಮೇಲೆ ತಂದು ಎರಡು ತಾಸಿನಲ್ಲಿ ತೋರಿಸಿದಾಗ ಬಯಲಿನ ಚೆಲುವು ಸೇರುತ್ತದೆ, ಆದರೆ ಆ ಕಸುಬಿನ ಕಾಲ ಕಳೆದುಹೋಗುತ್ತದೆ. ಬೆನ್ನುನೋವಾಗಲಿ, ತಪ್ಪಿದ ದಾರ ಬಿಚ್ಚುವ ಬೇಸರವಾಗಲಿ, ನೂಲಿನ ಬೆಲೆಯಾಗಲಿ ಶಿಬಿರಾರ್ಥಿಗೆ ದಾಟುವುದಿಲ್ಲ.

ಆದರೂ ಇಲ್ಲಿ ಶಿಬಿರದ ಪರವಾಗಿ ಒಂದು ಮಾತು ಹೇಳಲೇಬೇಕು. ಮದುವೆಯಾಗಿ ಹೋಗುವ ಹೆಣ್ಣುಮಗಳೊಂದಿಗೆ ಗುಟ್ಟು ಊರು ಬಿಟ್ಟೀತೆಂದು ಈ ನೇಯ್ಗೆಯನ್ನು ಕೆಲವೇ ಮನೆಗಳು ಕಾಪಾಡಿಕೊಂಡವು ಎಂಬ ಮಾತು ರೂಢಿಯಲ್ಲಿದೆ. ಭೌಗೋಳಿಕ ಸೂಚಿಯ ಮಾನ್ಯತೆ ಬಂದ ಮೇಲೂ ನೇಯುವ ಕೈಗಳು ಕಡಿಮೆಯೇ. ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲು ಇಂದಿಗೂ ಹೆಸರುವಾಸಿ. ಅದನ್ನು ಮಾಡುವ ಮನೆಗಳೂ ಬೆರಳೆಣಿಕೆಯವು. ಹುಟ್ಟಿನಿಂದ ಮಾತ್ರ ಸಿಗುತ್ತಿದ್ದ ವಿದ್ಯೆಯನ್ನು, ಹಣ ಕೊಟ್ಟಾದರೂ ಸರಿ, ಯಾರು ಬೇಕಾದರೂ ಕಲಿಯಬಹುದು ಎನ್ನುವುದು ಸಣ್ಣ ಬದಲಾವಣೆಯಲ್ಲ. ಬಾಗಿಲು ತೆರೆದದ್ದು ಶಿಬಿರದ ಗುಣ. ಒಳಗೆ ಬಂದವರನ್ನು ಸಂಜೆಗೇ ಕಳಿಸಿಬಿಡುವುದು ಅದರ ದೋಷ.

ಇವೆರಡರ ನಡುವೆ ಬೇರೆ ಮಾದರಿ ಇಲ್ಲವೆ? ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಸಾಹಿತ್ಯದವರು ಅದನ್ನು ಜಾತ್ರೆಯೆಂದು ಬದಿಗಿಡುತ್ತಾರೆ. ನಿಜಕ್ಕೂ ಅದು ದೊಡ್ಡವರಿಗಾಗಿ ಶರದೃತುವಿನ ಬಾಗಿಲಲ್ಲಿ ನಡೆಯುವ ಬಹುದೊಡ್ಡ ಬಯಲು ತರಗತಿ. ಪ್ರಾತ್ಯಕ್ಷಿಕೆಯ ತಾಕಿನ ಮುಂದೆ ನಿಂತ ರೈತ ತಲೆಯಾಡಿಸಿ ಮುಂದೆ ಹೋಗುವುದಿಲ್ಲ. 'ನಮ್ಮ ಎರಿಗೆ ಇದು ತಡೀತದೇನ್ರೀ ಸರ?' ಎಂದು ಕೇಳುತ್ತಾನೆ, ವಾದಕ್ಕೆ ನಿಲ್ಲುತ್ತಾನೆ. ತಪ್ಪು ಬೀಜ ಆರಿಸಿದರೆ ಒಂದು ವರ್ಷವೇ ಹೋಯಿತು ಎಂಬುದು ಅವನಿಗೆ ಗೊತ್ತು. ಅಲ್ಲಿ ಗದ್ದಲವಿದೆ, ಕಂಪನಿಗಳ ಮಾರಾಟವಿದೆ, ಧೂಳಿದೆ, ಫೋಟೊಕ್ಕೆ ಒಗ್ಗುವ ಚೆಲುವು ಕಡಿಮೆ. ಆದರೆ ಕಲಿಯುವವನ ಬಾಳು ಆ ಪಾಠದೊಳಗಿದೆ.

ಹಾಗಾದರೆ ಶಿಬಿರವನ್ನು ಅಳೆಯುವ ಅಳತೆಗೋಲು ಯಾವುದು? ಕಲಿತವರು ಮತ್ತೆ ಬಂದರೇ ಎಂಬುದು. ನೇಯ್ಗೆ ಮುಟ್ಟಿ ನೋಡಿದವರು, ಮುಂದಿನ ಸಲ ಜಮಖಾನೆ ಕೊಳ್ಳುವಾಗ ಚೌಕಾಸಿಗೆ ನಾಲಿಗೆ ಏಳದಷ್ಟಾದರೂ ಬದಲಾದರೇ? ಹೊಲ ಸುತ್ತಿದವರು, ಬೆಣ್ಣಿಹಳ್ಳ ಉಕ್ಕಿದ ಸುದ್ದಿ ಬಂದಾಗ 'ಆ ಹೊಲ ಏನಾಯಿತೋ' ಎಂದು ಫೋನು ಮಾಡಿ ವಿಚಾರಿಸಿದರೇ? ಕಲಿಸಿದವಳ ಹೆಸರು ಅವರಿಗೆ ನೆನಪಿದೆಯೇ, ಅವಳಿಗೆ ಸಿಕ್ಕ ಹಣ ಎಷ್ಟೆಂದು ಅವರು ಕೇಳಿದ್ದಾರೆಯೇ? ಹೌದಾದರೆ ಒಂದು ದಿನದ ಶಿಬಿರವೂ ಪಾಠವೇ. ಅಲ್ಲವಾದರೆ ಹತ್ತು ದಿನ ಮಾಡಿದರೂ ಅದು ಊಟ ಮಾತ್ರ, ಚರಗವಿಲ್ಲದ ಊಟ.