ತೆರೆಯ ಮೇಲೆ ಸಂತರು

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕೊಂದೇ ಕನ್ನಡ ನುಡಿಗೆ ಇಬ್ಬರು ಸಂತರನ್ನು ಕೊಟ್ಟಿದೆ. ಬಾಡದಲ್ಲಿ ಹುಟ್ಟಿ, ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಪದಗಳನ್ನು ರಚಿಸಿದ ಕನಕದಾಸರು ಒಬ್ಬರು. ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ದೇಹವಿಟ್ಟ ಶರೀಫಸಾಹೇಬರು ಇನ್ನೊಬ್ಬರು. ತಿಳವಳ್ಳಿಯಂತಹ ಊರಿನಲ್ಲಿ ಇವರ ಪದಗಳನ್ನು ಕೇಳುವುದಕ್ಕೆ ಯಾರೂ ಚಿತ್ರಮಂದಿರಕ್ಕೆ ಹೋಗಬೇಕಾದುದಿಲ್ಲ. ಏಕತಾರಿ, ದಮ್ಮಡಿ, ತಾಳಗಳೊಡನೆ ಅವು ಭಜನೆಯ ಮೇಳಗಳಲ್ಲಿ ತಲೆಮಾರುಗಳಿಂದ ಬಂದಿರುವವು. ಆದುದರಿಂದ ಇಲ್ಲಿಯ ಪ್ರೇಕ್ಷಕನು ಸಂತರ ಚಿತ್ರವನ್ನು ನೋಡಲು ಬರಿಯ ಕಿವಿಯಿಂದ ಬರುವವನಲ್ಲ. ತೆರೆಯು ಬೆಳಗುವ ಮೊದಲೇ ಅವನ ಕಿವಿಯಲ್ಲಿ ಒಂದು ಪದವು ನಿಂತಿರುತ್ತದೆ. ಚಿತ್ರವು ಆ ಪದವನ್ನು ಬೆಳೆಸಿತೋ ಕುಗ್ಗಿಸಿತೋ ಎಂಬುದೇ ಅವನು ಕೇಳಬೇಕಾದ ಪ್ರಶ್ನೆಯು.

ಅಲಂಕಾರಶಾಸ್ತ್ರದಲ್ಲಿ ಭಕ್ತಿಯ ಸ್ಥಾನವು ಬಹುಕಾಲ ವಾದಕ್ಕೆ ಒಳಗಾಗಿದ್ದಿತು. ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಅದಿಲ್ಲ. ಮಮ್ಮಟನು ದೇವತಾವಿಷಯಕವಾದ ರತಿಯನ್ನು ಭಾವವೆಂದನೇ ಹೊರತು ರಸವೆನ್ನಲಿಲ್ಲ. ಕನಕದಾಸರು ಬಾಳಿದ 16ನೆಯ ಶತಮಾನದಲ್ಲಿಯೇ ಉತ್ತರದಲ್ಲಿ ರೂಪಗೋಸ್ವಾಮಿಯು ಭಕ್ತಿಯನ್ನು ರಸಪದವಿಗೆ ಏರಿಸಿದನು. ಇದು ಪಂಡಿತರ ಒಣಚರ್ಚೆಯೆಂದು ತಳ್ಳಿಹಾಕತಕ್ಕುದಲ್ಲ. ಸಂತಚಿತ್ರವನ್ನು ನಿರ್ಮಿಸುವವನೂ ಇದೇ ತೊಡಕನ್ನು ಎದುರಿಸಬೇಕಾಗುವುದು. ಭಕ್ತಿಯು ಒಳಗಿನದು, ಯಂತ್ರದ ಕಣ್ಣಿಗೆ ಸುಲಭವಾಗಿ ಸಿಕ್ಕುವಂತಹದಲ್ಲ. ಪವಾಡವಾದರೋ ಹೊರಗಿನದು, ಅದನ್ನು ತೋರಿಸಲು ಯಂತ್ರಕೌಶಲವೊಂದಿದ್ದರೆ ಸಾಕು. ಭಕ್ತಿಯನ್ನು ಕಾಣಿಸಲಾರದ ನಿರ್ದೇಶಕನು ಪವಾಡದ ಮೊರೆಹೋಗುವನು. ಆಗ ವಿಸ್ಮಯವನ್ನು ಸ್ಥಾಯಿಯಾಗಿ ಉಳ್ಳ ಅದ್ಭುತವು ಅಂಗಿಯಾಗಿ ಮೆರೆಯುವುದು, ಭಕ್ತಿಯು ಅದರ ಅಂಗವಾಗಿ ಹಿಂದೆ ಸರಿಯುವುದು.

ಪವಾಡವಿದ್ದ ಮಾತ್ರಕ್ಕೆ ಚಿತ್ರವು ಕೆಡಲೇಬೇಕೆಂದಲ್ಲ. ಇದಕ್ಕೆ ಪುಣೆಯ ಪ್ರಭಾತ ಕಂಪನಿಯ ‘ಸಂತ ತುಕಾರಾಮ’ ಎಂಬ ಮರಾಠಿ ಬೋಲಪಟವೇ ಸಾಕ್ಷಿ. ದಾಮಲೆ ಮತ್ತು ಫತ್ತೇಲಾಲರು ನಿರ್ದೇಶಿಸಿದ ಈ ಚಿತ್ರವು ಬಂದುದು 1936ರಲ್ಲಿ. ಧಾರವಾಡ ಸೀಮೆಯು ಆಗ ಇನ್ನೂ ಮುಂಬಯಿ ಇಲಾಖೆಯಲ್ಲಿತ್ತು. ಮರುವರ್ಷ ವೆನಿಸ್ ನಗರದ ಚಿತ್ರೋತ್ಸವದಲ್ಲಿಯೂ ಇದಕ್ಕೆ ಮನ್ನಣೆ ದೊರೆಯಿತು. ಇದರಲ್ಲಿ ಪವಾಡಗಳಿಗೆ ಕೊರತೆಯಿಲ್ಲ. ಕಡೆಯಲ್ಲಿ ತುಕಾರಾಮರು ವೈಕುಂಠಕ್ಕೆ ಏರುವ ದೃಶ್ಯವೂ ಇದೆ. ಆದರೂ ಚಿತ್ರವನ್ನು ನೆಲಕ್ಕೆ ಕಟ್ಟಿಹಾಕುವವಳು ಒಬ್ಬಳಿದ್ದಾಳೆ. ಆಕೆ ತುಕಾರಾಮರ ಹೆಂಡತಿ ಜಿಜಾಯಿ. ಮಗುವು ಬೇನೆಬಿದ್ದಾಗ ಗುಡಿಗೆ ನುಗ್ಗಿ, ಕಾಲಿನ ಕೆರವನ್ನು ಕೈಗೆ ತೆಗೆದುಕೊಂಡು ವಿಠ್ಠಲನನ್ನೇ ಬೆದರಿಸುವ ಗಯ್ಯಾಳಿ ಅವಳು. ಹಿಟ್ಟು, ಹಾಲು, ಮಕ್ಕಳ ಹಸಿವು, ಇವೇ ಅವಳ ಶಾಸ್ತ್ರ. ವಿಷ್ಣುಪಂತ ಪಾಗನೀಸರ ಶಾಂತವಾದ ಮುಖದ ಎದುರಿಗೆ ಗೌರಿಯೆಂಬ ನಟಿಯ ಈ ಜಿಜಾಯಿಯು ನಿಂತಿರುವುದರಿಂದಲೇ ಸಂತನ ವೈರಾಗ್ಯಕ್ಕೆ ತೂಕವು ಬಂದಿದೆ. ಮನೆಯವರು ಎಷ್ಟು ಬೆಲೆ ತೆತ್ತರೆಂಬುದು ತಿಳಿದ ಪ್ರೇಕ್ಷಕನಿಗೆ ಪವಾಡವು ಕಣ್ಕಟ್ಟಾಗಿ ತೋರುವುದಿಲ್ಲ. ಶಾಂತಾರಾಮ ಆಠವಲೆಯವರು ಈ ಚಿತ್ರಕ್ಕಾಗಿ ಹೊಸದಾಗಿ ರಚಿಸಿದ ಅಭಂಗವನ್ನು ಜನರು ತುಕಾರಾಮರದೇ ಎಂದು ನಂಬಿದರು. ಇದನ್ನು ಕವಿಯ ಜಯವೆನ್ನಬೇಕೋ ಸಂತನ ನಷ್ಟವೆನ್ನಬೇಕೋ ಎಂಬುದು ಯೋಚಿಸತಕ್ಕ ವಿಷಯವು.

ಕನ್ನಡದ ‘ಭಕ್ತ ಕನಕದಾಸ’ವು 1960ರಲ್ಲಿ ಬಂದಿತು. ನಿರ್ದೇಶಕರು ವೈ. ಆರ್. ಸ್ವಾಮಿ, ಕನಕದಾಸರ ಪಾತ್ರಧಾರಿ ರಾಜಕುಮಾರರು, ಅವರಿಗಾಗಿ ಹಾಡಿದವರು ಪಿ. ಬಿ. ಶ್ರೀನಿವಾಸರು. ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿದ ರಾಜಕುಮಾರರ ಆಂಗಿಕವು ನಾಟಕೀಯವೆಂದು ಹೊಸಕಾಲದ ವಿಮರ್ಶಕರು ಹೇಳಬಹುದು. ಆದರೆ ಹಾಡಿನ ಹೊತ್ತಿಗೆ ಆ ದೇಹವು ಪಡೆಯುವ ನಮ್ರತೆಯು ಕೃತಕವಲ್ಲ. ಹಾಡಿದವರು ಒಬ್ಬರು, ಅಭಿನಯಿಸಿದವರು ಇನ್ನೊಬ್ಬರು ಎಂಬುದು ಮರೆತುಹೋಗುವಷ್ಟು ವಾಚಿಕ ಆಂಗಿಕಗಳು ಕೂಡಿಕೊಂಡಿವೆ. ದೋಷವಿರುವುದು ಬೇರೊಂದು ಕಡೆಗೆ. ಈ ಚಿತ್ರವನ್ನು ನೋಡಿದವರ ನೆನಪಿನಲ್ಲಿ ಉಳಿಯುವುದು ಉಡುಪಿಯ ದೃಶ್ಯವು. ಭಕ್ತನು ಹೊರಗೆ ನಿಂತು ಹಾಡುವನು, ಗೋಡೆಯು ಒಡೆಯುವುದು, ದೇವರು ತಿರುಗುವನು. ಈ ಐತಿಹ್ಯವು ಜನರಿಗೆ ಪ್ರಿಯವಾದುದು. ಅದನ್ನು ಬಿಡಬೇಕಿತ್ತೆಂದು ಯಾರೂ ಹೇಳಲಾರರು. ಆದರೆ ಗೋಡೆ ಒಡೆದ ಕೂಡಲೆ ಪ್ರೇಕ್ಷಕನ ಮನಸ್ಸು ಹಗುರವಾಗುವುದು. ಆ ಮನುಷ್ಯನನ್ನು ಹೊರಗೆ ನಿಲ್ಲಿಸಿದವರಾರು, ಏಕೆ ನಿಲ್ಲಿಸಿದರು ಎಂಬ ಪ್ರಶ್ನೆಯನ್ನು ಆ ವಿಸ್ಮಯವು ನುಂಗಿಬಿಡುವುದು. ರಾಗಿ ಮತ್ತು ಭತ್ತಗಳ ವಿವಾದವನ್ನು ಕಟ್ಟಿ, ಬಡವರ ಧಾನ್ಯವನ್ನೇ ಗೆಲ್ಲಿಸಿದ ರಾಮಧಾನ್ಯಚರಿತ್ರೆಯ ಕವಿಯು ಆ ಪ್ರಶ್ನೆಯನ್ನು ಬಿಟ್ಟವನಲ್ಲ. ಮೋಹನತರಂಗಿಣಿ, ನಳಚರಿತ್ರೆಗಳನ್ನು ಬರೆದ ವಿದ್ವಾಂಸನೂ, ಬಂಕಾಪುರದ ಸೀಮೆಯಲ್ಲಿ ಅಧಿಕಾರ ನಡೆಯಿಸಿದನೆಂದು ಪರಂಪರೆಯು ಹೇಳುವ ನಾಯಕನೂ ಈ ಅದ್ಭುತದ ಬೆಳಕಿನಲ್ಲಿ ಮಸುಕಾಗುವರು. ಭಕ್ತನು ಉಳಿದನು, ಕವಿಯು ಮರೆಯಾದನು.

ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ವು 1990ರಲ್ಲಿ ತೆರೆಕಂಡಿತು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ತ್ ಪ್ರಶಸ್ತಿಯನ್ನು ಅದು ಪಡೆಯಿತು. ಶರೀಫರಾಗಿ ಶ್ರೀಧರರೂ, ಕಳಸದ ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡರೂ ನಟಿಸಿದ್ದಾರೆ. ಈ ಚಿತ್ರದ ಪ್ರಾಣವು ಅದ್ಭುತದಲ್ಲಿಲ್ಲ, ಗುರುಶಿಷ್ಯರ ಸಂಬಂಧದಲ್ಲಿದೆ. ಬ್ರಾಹ್ಮಣನು ಮುಸಲ್ಮಾನನನ್ನು ಶಿಷ್ಯನನ್ನಾಗಿ ಸ್ವೀಕರಿಸಿದುದೇ ಆ ಕಾಲಕ್ಕೆ ಯಾವ ಪವಾಡಕ್ಕೂ ಕಡಿಮೆಯಾದುದಲ್ಲ. ಅದನ್ನು ತೋರಿಸಲು ಮಿಂಚು ಗುಡುಗುಗಳು ಬೇಡ. ಇಬ್ಬರು ನಟರು ಒಬ್ಬರನ್ನೊಬ್ಬರು ನೋಡುವ ನೋಟವು ಸಾಕು. ಶ್ರೀಧರರು ಭರತನಾಟ್ಯವನ್ನು ಬಲ್ಲವರಾದುದರಿಂದ ಅವರ ನಿಲುವಿನಲ್ಲಿ ಒಂದು ಹದವಿದೆ. ಕಾರ್ನಾಡರ ಗೋವಿಂದಭಟ್ಟನಲ್ಲಿ ಗುರುತ್ವದ ಬಿಗುವಿಗಿಂತ ಬಲ್ಲವನ ಸಲಿಗೆಯು ಹೆಚ್ಚು. ಶಾಂತವು ಅಂಗಿಯಾಗಿಯೂ ಪ್ರೇಕ್ಷಕನಿಗೆ ನಿದ್ರೆ ತರದ ಕನ್ನಡ ಚಿತ್ರಗಳು ವಿರಳ; ಇದು ಅವುಗಳಲ್ಲೊಂದು.

ಆದರೂ ಸಂತಚಿತ್ರಗಳೆಲ್ಲಕ್ಕೂ ಅಂಟಿಕೊಂಡ ಒಂದು ಅಪಾಯವನ್ನು ಇಲ್ಲಿ ಹೇಳಬೇಕು. ಶರೀಫರ ಪದಗಳಲ್ಲಿ ಮಳೆಗೆ ಸೋರುವ ಮನೆ, ಕೋಳಿ, ಮಗ್ಗದ ನೂಲು ಇವೆಲ್ಲವೂ ಬರುವವು. ಸೋರುವುದು ಮನೆಯಲ್ಲ ಎಂದು ಕೇಳುಗನು ತಾನಾಗಿ ಅರಿತಾಗ ಧ್ವನಿಯು ಹುಟ್ಟುವುದು. ಆನಂದವರ್ಧನನು ಕಾವ್ಯದ ಆತ್ಮವೆಂದುದು ಇದನ್ನೇ. ಪದವು ಹೆಸರಿಸಿದ ವಸ್ತುವನ್ನೇ ಯಂತ್ರವು ಹಿಡಿದು ತೆರೆಯ ತುಂಬ ತೋರಿಸಿದರೆ ವ್ಯಂಗ್ಯವು ವಾಚ್ಯಕ್ಕೆ ಇಳಿಯುವುದು. ಕಣ್ಣಿಗೆ ಮನೆಯು ಕಂಡಿತು. ಮನಸ್ಸು ಹುಡುಕುವ ಕೆಲಸವನ್ನು ಬಿಟ್ಟಿತು. ಬಲ್ಲ ನಿರ್ದೇಶಕನು ಅಂತಹ ಪದದ ಹೊತ್ತಿಗೆ ಹಾಡುವವನ ಮುಖವನ್ನೋ, ಕೇಳುವವರ ಮುಖಗಳನ್ನೋ, ಬಯಲನ್ನೋ ತೋರಿಸುವನು.

ಇನ್ನು ಸಾಕ್ಷ್ಯಚಿತ್ರಗಳ ಮಾತು. ಕಾರ್ನಾಡರು 1972ರಲ್ಲಿ ಧಾರವಾಡದ ವರಕವಿ ಬೇಂದ್ರೆಯವರನ್ನು ಕುರಿತು ಒಂದು ಸಾಕ್ಷ್ಯಚಿತ್ರವನ್ನು ಮಾಡಿದರು. ಅಲ್ಲಿ ಕವಿಯೇ ಎದುರಿಗಿರುವುದರಿಂದ ಕಲ್ಪನೆಗೆ ಕೆಲಸವು ಕಡಿಮೆ. ಅವರೇ 1988ರಲ್ಲಿ ಮಾಡಿದ, ಸ್ವರ್ಣಕಮಲವನ್ನು ಪಡೆದ ‘ಕನಕ ಪುರಂದರ’ಕ್ಕೆ ಆ ಅನುಕೂಲವಿರಲಿಲ್ಲ. ದಾಸರ ಭಾವಚಿತ್ರವಿಲ್ಲ, ದನಿಯಿಲ್ಲ. ಉಳಿದಿರುವುದು ಪದ ಮಾತ್ರ. ಆದರೂ ವ್ಯಾಪಾರದಿಂದ ಬಂದ ಪುರಂದರರನ್ನೂ ನಾಯಕತನದಿಂದ ಬಂದ ಕನಕರನ್ನೂ ಒಂದೇ ಸೂತ್ರದಲ್ಲಿ ಕೋದುದು ದೊಡ್ಡ ವಿಚಾರವು. ಒಬ್ಬರ ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿದಾಗ, ಒಂದೇ ಭಕ್ತಿಯು ಎರಡು ಬಾಳುಗಳಲ್ಲಿ ಎಷ್ಟು ಬೇರೆಯಾಗಿ ಅರಳಿತೆಂಬುದು ತಿಳಿಯುವುದು. ಕಥಾಚಿತ್ರಕ್ಕೆ ಎಟುಕದ ವಿವೇಕವಿದು.

ಇನ್ನೊಂದು ಮಾದರಿಯು ಕಬೀರರನ್ನು ಕುರಿತುದು. ಬೆಂಗಳೂರಿನಲ್ಲಿದ್ದು ಕೆಲಸ ಮಾಡಿದ ಶಬ್ನಂ ವೀರಮಾನಿಯವರು 2008ರಲ್ಲಿ ಹೊರತಂದ ನಾಲ್ಕು ಸಾಕ್ಷ್ಯಚಿತ್ರಗಳಲ್ಲಿ ಕಬೀರರ ವೇಷವನ್ನು ಯಾರೂ ಹಾಕಿಲ್ಲ. ಮಾಳವದ ಹಳ್ಳಿಯ ಗಾಯಕರು, ಕರಾಚಿಯ ಕವ್ವಾಲರು ತಮ್ಮ ತಮ್ಮ ಕಬೀರರನ್ನು ಹಾಡುವರು. ಅವುಗಳಲ್ಲೊಂದು, ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕಬೀರರನ್ನು ಹೇಗೆ ಕಂಡರೆಂಬುದನ್ನು ಹುಡುಕುತ್ತ ಹೋಗುವುದು. ಯಾವ ಪಾಠವು ನಿಜ, ಯಾವ ಮಟ್ಟು ಮೂಲದ್ದು ಎಂದು ಈ ಚಿತ್ರಗಳು ತೀರ್ಪು ಕೊಡುವುದಿಲ್ಲ. ಸಂತನು ಒಂದು ಊರಿನಲ್ಲಿ ಇಲ್ಲ, ಹಾಡುವವರ ಬಾಯಲ್ಲಿ ಇದ್ದಾನೆ ಎಂಬುದೇ ಅವುಗಳ ಸಿದ್ಧಾಂತವು.

ಈ ಮಾತು ಶರೀಫರ ಪದಗಳಿಗೆ ನೇರವಾಗಿ ತಗಲುವುದು. ಸಿ. ಅಶ್ವತ್ಥರ ಸಂಗೀತವು ಶರೀಫರನ್ನು ಕನ್ನಡ ನಾಡಿನ ಮೂಲೆಮೂಲೆಗೂ ಮುಟ್ಟಿಸಿತು. ಆ ಉಪಕಾರವು ಸಣ್ಣದಲ್ಲ. ಆದರೆ ಗೆದ್ದ ಮಟ್ಟು ಉಳಿದ ಮಟ್ಟುಗಳನ್ನು ಹಿಂದಕ್ಕೆ ತಳ್ಳುವುದು. ಶಾಲೆಯ ಮಗುವು ಕಲಿಯುವುದು ಧ್ವನಿಮುದ್ರಿಕೆಯ ಮಟ್ಟನ್ನು. ಮನೆಯ ಹಿರಿಯನು ಭಜನೆಯಲ್ಲಿ ಹಾಡುವ ಬೇರೊಂದು ಮಟ್ಟು ಆ ಮಗುವಿಗೆ ತಪ್ಪಾಗಿ ಕೇಳಿಸುವುದು. ಆ ಹಿರಿಯನೂ ಮೊಮ್ಮಗನ ಮುಂದೆ ಸಂಕೋಚಪಟ್ಟು ಸುಮ್ಮನಾದನೆಂದರೆ ಒಂದು ಪಾಠಾಂತರವೇ ಲುಪ್ತವಾದಂತೆ. ಓಲೆಯ ಗರಿಯೊಂದು ಹುಳ ತಿಂದು ಹೋದರೆ ಪಂಡಿತರು ಮರುಗುವರು. ಬಾಯಿಂದ ಬಾಯಿಗೆ ಬಂದ ಮಟ್ಟು ಹೋದರೆ ಮರುಗುವವರು ಯಾರು? 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರವಾದ ‘ಸತೀ ಸುಲೋಚನಾ’ದ ಪ್ರತಿಯೇ ಇಂದು ಉಳಿದಿಲ್ಲ. ತೆರೆಯೂ ತನ್ನದನ್ನು ತಾನು ಕಾಯ್ದುಕೊಳ್ಳಲಾರದು.

ಹಾಗೆಂದು ಸಂತಚಿತ್ರಗಳನ್ನು ದೂರಬೇಕಾದುದಿಲ್ಲ. ತುಕಾರಾಮನ ಮನೆಯ ಬಡತನ, ಕನಕನ ಹಾಡಿನ ನಮ್ರತೆ, ಶರೀಫನ ಗುರುಭಕ್ತಿ ಇವನ್ನು ಕಣ್ಣಿಗೆ ಕಟ್ಟುವಂತೆ ತೋರಿದ ಉಪಕಾರಕ್ಕೆ ಅವು ವಂದ್ಯವೇ ಆಗಿವೆ. ಆದರೆ ಮುಂದಿನ ಕೆಲಸವು ಕಥಾಚಿತ್ರದ್ದಲ್ಲ, ಸಾಕ್ಷ್ಯಚಿತ್ರದ್ದು. ಬಾಡ, ಕಾಗಿನೆಲೆ, ಶಿಶುನಾಳ, ತಿಳವಳ್ಳಿಗಳ ಭಜನೆಯ ಮೇಳಗಳಲ್ಲಿ ಕುಳಿತು, ವೇಷಭೂಷಣಗಳ ಹಂಗಿಲ್ಲದೆ, ಒಂದೇ ಪದವನ್ನು ಹತ್ತು ಜನರು ಹತ್ತು ಬಗೆಯಲ್ಲಿ ಹಾಡುವುದನ್ನು ಹಿಡಿದಿಡುವ ಚಿತ್ರವು ಬೇಕು. ಅದಕ್ಕೆ ದೊಡ್ಡ ಬಂಡವಾಳ ಬೇಡ, ಪ್ರಸಿದ್ಧ ನಟರು ಬೇಡ. ಕೇಳುವ ತಾಳ್ಮೆಯೊಂದು ಸಾಕು. ಹಾಡುವ ಹಿರಿಯರು ಇರುವಾಗಲೇ ಅದು ಆಗಬೇಕು.