ಹಳಿ ಉಳಿಸಿದ ಪೊದೆ, ನೀರು ತಡೆದ ಹಕ್ಕಳೆ

ಉತ್ತರ ಚೀನಾದ ನಿಂಗ್ಶಿಯಾದಲ್ಲಿ ಟೆಂಗರ್ ಮರುಭೂಮಿ ಹಳದಿ ನದಿಯ ದಡದವರೆಗೂ ಬಂದು ನಿಲ್ಲುತ್ತದೆ. ಆ ಜಾಗದ ಹೆಸರು ಶಾಪೊತೌ. 1958ರಲ್ಲಿ ಇಲ್ಲಿಯ ಮರಳದಿಬ್ಬಗಳ ನಡುವೆ ಬಾವೊತೌ–ಲಾನ್‌ಝೌ ರೈಲು ಓಡತೊಡಗಿತು. ಹಳಿ ಮರಳಲ್ಲಿ ಹೂತುಹೋಗದಿರಲೆಂದು 1956ರಿಂದಲೇ ಗೋಧಿಹುಲ್ಲನ್ನು ಸಾಲಾಗಿ ಮರಳಿಗೆ ತುರುಕಿ, ಮೀಟರ್ ಅಗಲದ ಚೌಕಗಳನ್ನು ಮಾಡಿದ್ದರು. ದಿಬ್ಬದ ಮೈತುಂಬ ಚೌಕಾಬಾರದ ಮನೆಗಳು! ಅವುಗಳೊಳಗೆ ಪೊದೆ ನೆಟ್ಟರು: ನಮ್ಮ ದವನದ ಕುಲಕ್ಕೆ ಸೇರಿದ್ದೊಂದು, ತೊಗರಿ–ಹುರುಳಿಯ ಬಳಗದವು ಇನ್ನು ಕೆಲವು. ವರ್ಷಕ್ಕೆ 180 ಮಿ.ಮೀ. ಆಸುಪಾಸಿನ ಮಳೆಯೇ ಗತಿ, ನೀರು ಹಾಯಿಸುವ ಮಾತಿಲ್ಲ.

ರೈಲಿನ ಲೆಕ್ಕದಲ್ಲಿ ಇದು ಗೆದ್ದ ಕೆಲಸ. ನನ್ನ ತಕರಾರು ‘ಮರುಭೂಮಿ ಹಸಿರಾಯಿತು’ ಎಂಬ ವರ್ಣನೆಯ ಮೇಲೆ. ಶಾಪೊತೌದ ದೊಡ್ಡ ಬದಲಾವಣೆ ಇರುವುದು ಫೋಟೊದಲ್ಲಿ ಕಾಣುವ ಹಸಿರಿನಲ್ಲಲ್ಲ, ಕಾಲ ಕೆಳಗಿನ ಹಕ್ಕಳೆಯಲ್ಲಿ.

ಗಾಳಿಯ ಬಿರುಸು ತಗ್ಗಿದ ಮೇಲೆ ಚೌಕಗಳಲ್ಲಿ ನಯವಾದ ದೂಳು ಕೂತಿತು. ಅದಕ್ಕೆ ನೀಲಿ–ಹಸಿರು ಪಾಚಿ ಹತ್ತಿತು. ವರ್ಷಗಳು ಕಳೆದಂತೆ ಹಾವಸೆ, ಕಲ್ಲುಹೂವು ಬಂದು, ಎಲ್ಲ ಸೇರಿ ಮರಳ ಮೇಲೆ ಹಕ್ಕಳೆ ಕಟ್ಟಿತು. ಹುಲ್ಲು ಕೊಳೆತುಹೋದ ಮೇಲೂ ಮರಳನ್ನು ಹಿಡಿದು ನಿಲ್ಲಿಸಿದ್ದು ಈ ಹಕ್ಕಳೆಯೇ. ಆದರೆ ಉದುರುವ ಸಣ್ಣ ಮಳೆಯನ್ನು ಅದು ಮೇಲೆಯೇ ಹೀರಿಕೊಳ್ಳುತ್ತದೆ. ಆ ತೇವ ಆಳಕ್ಕಿಳಿಯುವ ಮೊದಲೇ ಬಿಸಿಲಿಗೆ ಆರಿಹೋಗುತ್ತದೆ. ಮೇಲ್ಬೇರಿನ ಒಂದು ವರ್ಷದ ಹುಲ್ಲು, ಸೊಪ್ಪುಗಳಿಗೆ ಇದು ಸುಗ್ಗಿ. ಆಳಕ್ಕೆ ಬೇರಿಳಿಸಿದ ಪೊದೆಗೆ ಬರ. ಪೊದೆ ಕರೆತಂದ ನೆಂಟನೇ ಅದರ ಬಿಂದಿಗೆಗೆ ಕೈ ಹಾಕಿದ. ಕೆಲವು ದಶಕಗಳಲ್ಲಿ ಪೊದೆಗಳು ತೆಳುವಾದವು, ಹುಲ್ಲು ಹೆಚ್ಚಿತು. ಅಷ್ಟು ಮಳೆಗೆ ಅಷ್ಟು ಒತ್ತಾಗಿ ನೆಟ್ಟದ್ದು ದುಬಾರಿಯಾಯಿತು ಎಂದೇ ನನ್ನ ಎಣಿಕೆ.

ಹುಳಗಳ ಕಥೆ ಇನ್ನೂ ಸ್ವಾರಸ್ಯದ್ದು. ದಿನವೂ ಜಾರುವ ಮರಳಲ್ಲಿ ಗೂಡು ನಿಲ್ಲುವುದು ಕಷ್ಟ. ನೆಲ ಗಟ್ಟಿಯಾಗಿ, ಪೊದೆಯ ಬುಡದಲ್ಲಿ ನೆರಳೂ ತರಗೂ ಸೇರಿದ ಮೇಲೆ ಕರಿಜೀರುಂಡೆಗಳು ಬಂದವು, ಇರುವೆಗಳು ಬಂದವು. ಇರುವೆ ಗೂಡು ಕೊರೆದಲ್ಲಿ ಹಕ್ಕಳೆ ತೂತಾಗುತ್ತದೆ, ಆ ತೂತಿನಿಂದ ಮಳೆನೀರು ಕೆಳಗಿಳಿಯುತ್ತದೆ. ಯಾವ ಯೋಜನೆಯೂ ಇರುವೆಯನ್ನು ನೆಟ್ಟಿರಲಿಲ್ಲ!

ಹಾಗೆಂದು ಜಾತಿಗಳ ಎಣಿಕೆ ಏರಿದ್ದನ್ನೇ ಲಾಭವೆಂದು ಬರೆದುಕೊಳ್ಳುವುದು ಅರ್ಧ ಲೆಕ್ಕ. ಅಲ್ಲಿಯವರು ಮರಳಕ್ಕಿ ಎನ್ನುವ ಗಿಡ ಚಲಿಸುವ ಮರಳಿನ ಮಗು. ದಿಬ್ಬ ನಿಂತರೆ ಅದು ಹಿಂದೆ ಸರಿಯುತ್ತದೆ. ಬರಿ ಮರಳಿಗೇ ಒಗ್ಗಿದ ಹುಳಕ್ಕೂ ಅದೇ ಪಾಡು.

ಒಂದು ಮಾತು ಮೆಚ್ಚಿ ಹೇಳಬೇಕು. ನೆಟ್ಟದ್ದು ಬಹುಪಾಲು ಆ ಸೀಮೆಯದೇ ಪೊದೆ. ಥಾರ್‌ನಲ್ಲಿ ನಾವು ಅಮೆರಿಕ ಮೂಲದ ಬಳ್ಳಾರಿ ಜಾಲಿಯನ್ನು ಹಬ್ಬಿಸಿ, ಅದರ ಬುಡದಲ್ಲಿ ನಾಡಹುಲ್ಲು ಸೊರಗುವುದನ್ನು ನೋಡುತ್ತ ಕೂತಿದ್ದೇವೆ.

ಹಳಿ, ಊರು, ಹೊಲಗಳ ಪಕ್ಕದ ದಿಬ್ಬಕ್ಕೆ ಶಾಪೊತೌ ಒಳ್ಳೆಯ ಮಾದರಿ, ಪೊದೆಗಳನ್ನು ಇನ್ನಷ್ಟು ವಿರಳವಾಗಿ ನೆಡುವುದಾದರೆ. ಯಾರ ತಂಟೆಗೂ ಬಾರದ ದಿಬ್ಬಕ್ಕೆ ಅದು ಬೇಕಿಲ್ಲ.